ಕಂಪೆನಿ ಹೊಲಿಗೆ

ಗಾಡಿ ಕೊಳ್ಳಲು ಹೆಂಡತಿಯೊಂದಿಗೆ ಬಂದ ಸೋಮೇಶ್ ಮೊದಲು ಕೆಂಪು ಕಾರಿನ ಬಾನೆಟ್ಟಿನ ಮೇಲೆ ಅಂಗೈ ಊರಿದ.

"ಬೆಳಿಗ್ಗೆನೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದೀರಲ್ಲ ಯಜಮಾನ್ರೆ. ತಣ್ಣಗಿರೋ ಇಂಜಿನ್ ಎಬ್ಬಿಸಿದ್ರೆ ತಾನೆ ಅದ್ರ ಕೆಮ್ಮು ದಮ್ಮು ಗೊತ್ತಾಗೋದು."

"ಬಿಸ್ಲು ಸಾರ್," ಅಂದ ಗಂಗಾಧರಸ್ವಾಮಿ.

"ನೆರಳಲ್ಲಿ ನಿಂತಿರೋ ಗಾಡಿಗೆ ಯಾವ ಬಿಸ್ಲು?"

ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಗೆ ಮುಖಮಾಡಿದ ಆ ಶೆಡ್ಡಿನಲ್ಲಿ ಗಂಗಾಧರಸ್ವಾಮಿಯ ಹಳೇ ಕಾರುಗಳ ವ್ಯಾಪಾರ. ಮೂಲೆಯ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಶಿವರಂಜಿನಿ ತಲೆ ಎತ್ತಲಿಲ್ಲ. ತಲೆ ಎತ್ತದೆಯೇ ನೋಡುವುದು ಅವಳಿಗೆ ರೂಢಿಯಾಗಿತ್ತು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಮೂರು ವರ್ಷದಿಂದ ಇಲ್ಲಿ ಸೀಟು ಹೊಲಿಯುತ್ತಿದ್ದಳು. ಯಂತ್ರ ಗಂಗಾಧರಸ್ವಾಮಿಯದು, ಕೈ ಮಾತ್ರ ಅವಳದು.

"ಲೇ ಅಮ್ಮಿ, ಮೇಡಮ್ಮೋರು ಕೂತ್ಕತಾರೆ, ಸೀಟ್ ಒರ್ಸು," ಎಂದು ಗಂಗಾಧರಸ್ವಾಮಿ ಕೂಗಿದ. ಅವಳು ಬಟ್ಟೆ ಹಿಡಿದು ಬಂದಳು.

"ಯಾವೂರು ನಿಂದು?" ಸೋಮೇಶ್ ಕೇಳಿದ. ಹೇಳಿದಳು. "ಊರಲ್ಲಿ ಯಾವ ಬೀದಿ?" ಅದನ್ನೂ ಹೇಳಿದಳು. ಅವನು ಸುಮ್ಮನೆ ತಲೆಯಾಡಿಸಿ, "ಒಳಗೆ ಹತ್ಬೇಡ. ಹೊರಗಿಂದ್ಲೇ ಒರ್ಸು," ಅಂದ.

ಹೊರಗಿನಿಂದಲೇ ಒರೆಸಿದಳು. ಅವನ ಹೆಂಡತಿ ಶಿವಾನಿ ಎಡಗಡೆಯ ಸೀಟಿನಲ್ಲಿ ಕೂತು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು. ಚಾಮರಾಜನಗರದಿಂದ ಬಂದಾಗಿನಿಂದ ಆಕೆ ಒಂದು ಮಾತೂ ಆಡಿರಲಿಲ್ಲ.

ಸೋಮೇಶ್ ಕಾರಿನ ಸುತ್ತ ತಿರುಗಿದ. ನಾಲ್ಕು ಟೈರೂ ಒಂದೇ ವರ್ಷದವೇ ಎಂದು ನೋಡಿದ, ಒಳಮಗ್ಗುಲು ಸವೆದಿದೆಯೇ ಎಂದು ಬೆರಳಾಡಿಸಿದ. ಬ್ರೇಕಿನ ತಟ್ಟೆಯ ಅಂಚು ಮುಟ್ಟಿದ. ಆಯಿಲ್ ಮುಚ್ಚಳ ತೆಗೆದು ಮೂಸಿದ. ಬಣ್ಣದಡಿ ಪುಟ್ಟಿ ಮೆತ್ತಿದೆಯೇ ಎಂದು ಜೇಬಿನಿಂದ ಅಯಸ್ಕಾಂತ ತೆಗೆದು ಬಾಗಿಲ ಮೇಲೆಲ್ಲ ಜಾರಿಸಿದ. ಇಂಜಿನ್ ಎಬ್ಬಿಸಿ ಆಕ್ಸಲರೇಟರ್ ತುಳಿದಾಗ ಶೆಡ್ಡಿನ ತಗಡು ನಡುಗಿತು. ಓಡಿ ಹಿಂದೆ ಹೋಗಿ ಹೊಗೆಯ ಬಣ್ಣ ನೋಡಿದ.

"ಐದಾರು ಸೆಕೆಂಡ್ನಾಗೆ ನೂರು ಮುಟ್ತದೆ ಸಾರ್," ಅಂದ ಗಂಗಾಧರಸ್ವಾಮಿ.

"ಅದಕ್ಕೇ ಹೆದ್ರಿಕೆ. ಇಂಥ ಗಾಡಿನ ಯಾವನೂ ಮೆಲ್ಲಗೆ ಓಡ್ಸಿರಲ್ಲ. ಎಲ್ಲಿ ಗುದ್ದಿ, ನಿಮ್ಮಂಥೋರ ಹತ್ರ ಮುಖ ತೊಳ್ಸಿದಾರೋ."

ಫೋನು ತೆಗೆದು ಯಾರದೋ ವಿಡಿಯೋ ಹಾಕಿದ. ಅದರಲ್ಲಿನವನು ಜೋರಾಗಿ ಹೇಳುತ್ತಿದ್ದ: ಇಂಥ ಕಾರುಗಳಲ್ಲಿ ಮುಂದಿನ ಸೀಟಿನ ಬಾಗಿಲ ಕಡೆಯ ಅಂಚಿನೊಳಗೂ ಏರ್‌ಬ್ಯಾಗ್ ಇರುತ್ತದೆ. ಅಲ್ಲಿನ ಹೊಲಿಗೆಯ ದಾರ ಬೇಕೆಂದೇ ಬಲಹೀನ. ಗುದ್ದಿದ ತಕ್ಷಣ ದಾರ ಕಿತ್ತು ಬ್ಯಾಗು ಹೊರಗೆ ಬರಬೇಕು.

ಬಾಗಿಲು ಒರೆಸುತ್ತಿದ್ದ ಶಿವರಂಜಿನಿಯ ಕೈ ನಿಂತಿತು.

ಹದಿನೈದು ದಿನದ ಹಿಂದೆ ಇದೇ ಸೀಟು ಅವಳ ಮುಂದೆ ಬಂದಿತ್ತು. ಬಾಗಿಲ ಕಡೆಯ ಅಂಚು ಒಂದು ಗೇಣು ಬಿಟ್ಟುಕೊಂಡಿತ್ತು. ತೊಗಲಿಗೆ ಗೀರಿಲ್ಲ, ದಾರ ಮಾತ್ರ ಒಂದೇ ಏಟಿಗೆ ಕಿತ್ತಂತೆ ಕಿತ್ತಿತ್ತು. ಇದ್ಯಾಕೆ ಹೀಗೆ ಎಂದು ಆಗಲೇ ಅನ್ನಿಸಿತ್ತು, ಕೇಳಿರಲಿಲ್ಲ. ಇನ್ನೆಂದೂ ಕೀಳಬಾರದು ಎಂದು ನೈಲಾನ್ ದಾರ ಎರಡೆಳೆ ಹಾಕಿ, ಹಳೇ ತೂತುಗಳಲ್ಲೇ ಸೂಜಿ ಇಳಿಸಿ ಹೊಲಿದಿದ್ದಳು. ಗಂಗಾಧರಸ್ವಾಮಿ ಎಂದೂ ಹೊಗಳದವನು ಅವತ್ತು ಹೊಗಳಿದ್ದ.

ಸೋಮೇಶ್ ಹೆಂಡತಿಯ ಪಕ್ಕ ಬಗ್ಗಿ ಆ ಅಂಚಿನ ಉದ್ದಕ್ಕೂ ಉಗುರಾಡಿಸಿದ. "ಹ್ಞೂಂ. ಕಂಪೆನಿ ಹೊಲಿಗೆ."

"ಮತ್ತೆ?" ಅಂದ ಗಂಗಾಧರಸ್ವಾಮಿ. ಅವನ ಕಣ್ಣು ಶಿವರಂಜಿನಿಯನ್ನು ಒಮ್ಮೆ ಚುಚ್ಚಿ ಹೋಯಿತು.

ಸೋಮೇಶ್ ಡಿಕ್ಕಿ ತೆಗೆಯಲು ಹಿಂದೆ ಹೋದಾಗ ಅವಳು ಯಜಮಾನನ ಹತ್ತಿರ ಹೋಗಿ ಪಿಸುಗುಟ್ಟಿದಳು. "ಆ ಹೊಲಿಗೆ ಬಿಚ್ಬೇಕು ಯಜಮಾನ್ರೆ. ಗುದ್ದುದ್ರೆ ಆಯಮ್ಮ ಸತ್ತೋಯ್ತಾರೆ."

"ಬಾಯ್ ಮುಚ್ಕಂಡು ಓಗಿ ಮಿಷನ್ ತುಳಿ. ಇಲ್ದಿದ್ರೆ ನಾಳೆಯಿಂದ ಬದನಗುಪ್ಪೆ ಫ್ಯಾಕ್ಟ್ರಿ ಗೇಟಲ್ಲಿ ನಿಂತ್ಕೊ. ನಿನ್ನಂಥೋರು ಸಾಲುಗಟ್ಟಿ ನಿಂತವ್ರೆ ಅಲ್ಲಿ."

ಅವಳು ಯಂತ್ರದ ಹತ್ತಿರ ಹೋದಳು. ಕೂತಳು. ಪೆಡಲಿನ ಮೇಲೆ ಕಾಲು ಏರಲಿಲ್ಲ. ಟೇಬಲ್ಲಿನ ಮೇಲಿದ್ದ ಬ್ಲೇಡು ತೆಗೆದುಕೊಂಡು ಎದ್ದಳು.

"ಸಾರ್, ಅದು ಕಂಪೆನಿ ಹೊಲಿಗೆ ಅಲ್ಲ. ನಾನು ಹೊಲ್ದಿದ್ದು. ಕಿತ್ತೋಗಿತ್ತು."

ಸೋಮೇಶ್ ಡಿಕ್ಕಿಯಿಂದ ತಲೆ ಹೊರಗೆ ತೆಗೆದ. "ಎಷ್ಟನೇ ಕ್ಲಾಸು ಓದಿದೀಯ?"

"ಎಂಟು."

"ಏರ್‌ಬ್ಯಾಗ್ ಪಾಠ ಎಂಟ್ರಲ್ಲೇ ಬಂತಾ? ನಾನು ಕೀ ತಿರುಗಿಸ್ದಾಗ ಏರ್‌ಬ್ಯಾಗ್ ಲೈಟು ಬಂದು ಆರೋಯ್ತು. ಎಲ್ಲ ಸರಿಯಿದ್ರೆ ಮಾತ್ರ ಹಂಗೆ ಆರೋದು." ಗಂಗಾಧರಸ್ವಾಮಿಯ ಕಡೆ ತಿರುಗಿದ. "ಯಾರೋ ಬೇರೆ ಪಾರ್ಟಿ ಇವಳಿಗೆ ಹೇಳ್ಕೊಟ್ಟವ್ರೆ. ಗಾಡಿ ನಂಗೆ ಸಿಗಬಾರ್ದು ಅಂತ."

"ಅವಳಿಗೆ ಸ್ವಲ್ಪ ತಲೆ ಸರಿಯಿಲ್ಲ ಸಾರ್," ಅಂದ ಗಂಗಾಧರಸ್ವಾಮಿ.

ಇಬ್ಬರೂ ನಕ್ಕರು. ಅಷ್ಟು ಹೊತ್ತು ಕಚ್ಚಾಡುತ್ತಿದ್ದವರು ಈಗ ಒಂದಾಗಿ ನಕ್ಕಿದ್ದು ಶಿವರಂಜಿನಿಯ ಮೈಗೆ ಉರಿ ಹತ್ತಿಸಿತು. ಶಿವಾನಿ ಕೂತಿದ್ದ ಕಡೆಯ ಬಾಗಿಲಿಗೆ ಹೋದಳು.

"ಅಕ್ಕ, ಸ್ವಲ್ಪ ಇಳೀರಿ."

ಶಿವಾನಿ ಅವಳ ಕೈಯಲ್ಲಿದ್ದ ಬ್ಲೇಡು ನೋಡಿದಳು, ಮುಖ ನೋಡಿದಳು. ಇಳಿದಳು.

ಶಿವರಂಜಿನಿ ಒಳಗೆ ಕೂತು ಬಾಗಿಲೆಳೆದು ಲಾಕ್ ಒತ್ತಿದಳು. ನಾಲ್ಕು ಬಾಗಿಲೂ ಒಟ್ಟಿಗೆ ಬಿಗಿದುಕೊಂಡವು. ಕೀ ಒಳಗೇ ಇತ್ತು.

"ಇಳಿಯೇ," ಎಂದು ಗಂಗಾಧರಸ್ವಾಮಿ ಗಾಜು ಗುದ್ದಿದ. ಸೋಮೇಶ್ ಇನ್ನೊಂದು ಕಡೆಯಿಂದ ಹಿಡಿ ಎಳೆಯುತ್ತಿದ್ದ. "ಒಳಗೆ ಕೂತವ್ಳಲ್ರೀ ಇವಳು, ಒಳಗೆ ಕೂತವ್ಳೆ." ಅವಳು ಕಿವಿಗೊಡಲಿಲ್ಲ. ಒಂದೊಂದೇ ಎಳೆ ಕೊಯ್ದಳು. ತೊಗಲಿಗೆ ಬ್ಲೇಡು ತಾಗಿಸಲಿಲ್ಲ. ತನ್ನ ದಾರ ಎಷ್ಟು ಗಟ್ಟಿ ಎಂದು ಈಗ ಗೊತ್ತಾಯಿತು. ಅಂಚು ಬಾಯಿಬಿಟ್ಟಾಗ ಎರಡು ಬೆರಳು ಇಳಿಸಿದಳು. ಹಳದಿ ಸ್ಪಂಜಿನ ತುಂಡು ಬಂತು. ಅದರ ಹಿಂದೆ ಮಡಿಸಿ ತುರುಕಿದ್ದ ಈರುಳ್ಳಿ ಚೀಲದ ಬಲೆ. ಅದರ ಹಿಂದೆ ಏರ್‌ಬ್ಯಾಗ್ ಇರಬೇಕಾದ ಕಬ್ಬಿಣದ ಗೂಡು, ಖಾಲಿ. ಬಿಚ್ಚಿ ಸರಿಮಾಡೋಣ ಎಂದುಕೊಂಡಿದ್ದಳು. ಸರಿಮಾಡುವುದಕ್ಕೆ ಒಳಗೆ ಏನೂ ಇರಲಿಲ್ಲ.

ಚೀಲದ ಬಲೆಯನ್ನು ಗಾಜಿಗೆ ಒತ್ತಿ ಹಿಡಿದಳು. ಗುದ್ದುವುದು ನಿಂತಿತು.

ಸೋಮೇಶ್ ಗಾಜಿನ ಹತ್ತಿರ ಬಗ್ಗಿ ಅದನ್ನು ನೋಡಿದ. ಆಮೇಲೆ ದನಿ ತಗ್ಗಿಸಿ, "ಲೈಟೂ ಆರೋ ಹಂಗೆ ವೈರಲ್ಲಿ ಮೋಸ ಮಾಡಿದ್ದೀರಲ್ಲ. ಹಂಗಾದ್ರೆ ಎಷ್ಟು ಕಮ್ಮಿ ಮಾಡ್ಕೋತೀರ ಯಜಮಾನ್ರೆ?" ಅಂದ.

"ಕೂತು ಮಾತಾಡೋಣ ಸಾರ್."

"ತಕೊಳ್ಳಿ," ಅಂದಳು ಶಿವಾನಿ. ಇಬ್ಬರೂ ತಿರುಗಿದರು. "ಕಮ್ಮಿ ಮಾಡಿಸ್ಕೊಂಡು ತಕೊಳ್ಳಿ. ನಾನು ಓಡಿಸ್ತೀನಿ, ನೀವು ಆ ಸೀಟಲ್ಲಿ ಕೂತ್ಕೊಳಿ."

ಆಕೆ ಬ್ಯಾಗು ಹೆಗಲಿಗೇರಿಸಿ ರಸ್ತೆಯ ಕಡೆ ನಡೆದಳು. ಶಿವರಂಜಿನಿಯ ಕಡೆ ತಿರುಗಿ ನೋಡಲೂ ಇಲ್ಲ. "ನಿಮ್ಮ ಶೆಡ್ಡಿಗೆ ಬೆಂಕಿ ಬೀಳ," ಎಂದು ಸೋಮೇಶನೂ ಹೆಂಡತಿಯ ಹಿಂದೆ ಹೋದ.

ಶಿವರಂಜಿನಿ ಲಾಕ್ ತೆಗೆದು ಇಳಿದಳು. ಗಂಗಾಧರಸ್ವಾಮಿ ಹೊಡೆಯುತ್ತಾನೆ ಅಂದುಕೊಂಡಳು. ಅವನು ಹೊಡೆಯಲಿಲ್ಲ. ಬಿಟ್ಟುಕೊಂಡ ಸೀಟನ್ನೇ ದಿಟ್ಟಿಸುತ್ತಿದ್ದ.

"ಸೋಮವಾರ ಊಟಿಯವನೊಬ್ಬ ಬತ್ತಾವ್ನೆ. ಅಷ್ಟ್ರಲ್ಲಿ ಹೊಲ್ದು ಕೊಟ್ಬುಡು, ಇವತ್ತಿಂದು ನಾನೂ ಮರ್ತ್ಬುಡ್ತೀನಿ."

ಅವಳು ಸ್ಪಂಜು, ಬಲೆ ಎರಡನ್ನೂ ಬಾನೆಟ್ಟಿನ ಮೇಲಿಟ್ಟು, ಗೂಟದ ಮೇಲಿದ್ದ ಊಟದ ಚೀಲ ತೆಗೆದುಕೊಂಡು ಹೊರಗೆ ಬಂದಳು. ಹಿಂದಿನಿಂದ ಅವನು ಅವಳ ಅವ್ವನನ್ನೂ ಬೀದಿಯನ್ನೂ ಸೇರಿಸಿ ಬೈಯುತ್ತಿದ್ದ. ರಸ್ತೆ ದಾಟುವವರೆಗೂ ಅದು ಕೇಳುತ್ತಿತ್ತು.