ದಿಕ್ಸೂಚಿಗೆ ಹಾಕಿದ ನಾಲ್ಕು ಸ್ಕ್ರೂ

ಬೈಂದೂರಿನ ಹೊರಗಿನ ಮುರಕಲ್ಲು ಬಯಲಿನಲ್ಲಿ ಆ ಮುದಿ ವಿಮಾನ ಸರಿಯಾಗಿ ಪೂರ್ವಕ್ಕೆ ಮೂತಿ ಮಾಡಿ ನಿಂತಿತ್ತು. ಆದರೆ ಅದರ ದಿಕ್ಸೂಚಿ ಮಾತ್ರ, ಇಲ್ಲ, ನಾನು ಹದಿನಾಲ್ಕು ಡಿಗ್ರಿ ಆಚೆ ನೋಡುತ್ತಿದ್ದೇನೆ ಎಂದು ಹಟ ಹಿಡಿದಿತ್ತು. ಪೈಲಟ್ ಸೀಟಿನಲ್ಲಿ ಕೂತಿದ್ದ ಸೌಮ್ಯಶ್ರೀ ಗಾಜನ್ನು ಉಗುರಿನಿಂದ ತಟ್ಟಿದಳು. ಮುಳ್ಳು ಜಪ್ಪಯ್ಯ ಅನ್ನಲಿಲ್ಲ.

ಡಕೋಟಾ ಎಂಬ ಈ ವಿಮಾನಕ್ಕೆ ಎಪ್ಪತ್ತೈದು ದಾಟಿದೆ. ಮುಂಬೈಯಲ್ಲಿ ಹೋಟೆಲ್ ನಡೆಸುವ ಉಲ್ಲಾಸ್ ಎಂಬವರು ಎಲ್ಲಿಂದಲೋ ಇದನ್ನು ಕೊಂಡು, ಬಿಡಿಬಿಡಿಯಾಗಿ ಲಾರಿಯಲ್ಲಿ ತರಿಸಿ, ಮೂರು ವರ್ಷ ಕೂತು ಜೋಡಿಸಿದ್ದರು. ಅದರ ಬದಲು ಬೋಟು ಕೊಂಡಿದ್ದರೆ ಮೀನಾದರೂ ಸಿಗುತ್ತಿತ್ತಲ್ಲ ಎಂದು ಊರವರು ನಕ್ಕಿದ್ದೂ ಆಯಿತು. ಹೊರಮೈ ಹಳೆಯದೇ ಇರಲಿ, ಹಾರಬೇಕಾದರೆ ಇಂದಿನ ಉಪಕರಣಗಳು ಬೇಕು. ಹಾಗಾಗಿ ಗಡಿಯಾರದಂಥ ಹಳೆಯ ಡಯಲ್‌ಗಳನ್ನು ಕಿತ್ತು ಎರಡು ಸ್ಕ್ರೀನ್ ಕೂರಿಸಿದ್ದರು. ಎತ್ತರ, ವೇಗ, ದಾರಿ, ಎಲ್ಲ ಅವುಗಳಲ್ಲೇ. ಎದುರಿನ ಗಾಜಿನ ಮೇಲ್ಗಡೆ ತೂಗುವ, ಮುಷ್ಟಿಗಾತ್ರದ ಹಳೆಯ ದಿಕ್ಸೂಚಿಯನ್ನು ಮಾತ್ರ ತೆಗೆಯುವ ಹಾಗಿಲ್ಲ. ಕರೆಂಟ್ ಕೈಕೊಟ್ಟರೆ ಕೊನೆಗೆ ಉಳಿಯುವುದು ಅದೊಂದೇ.

ಈ ಕೆಲಸಕ್ಕೆ ಸೌಮ್ಯಶ್ರೀಯನ್ನು ಕರೆದವರು ಕೋಟೇಶ್ವರದ ಅಶೋಕ್. ಮುಂಬೈಯ ವಿಮಾನ ವರ್ಕ್‌ಶಾಪಿನಲ್ಲಿ ತಲೆ ನರೆಸಿಕೊಂಡು ಬಂದ, ವಿಮಾನ ಹಾರಬಹುದೆಂದು ಸಹಿ ಹಾಕುವ ಲೈಸೆನ್ಸ್ ಇರುವ ಇಂಜಿನಿಯರ್. ಸೌಮ್ಯಶ್ರೀಗೆ ಗೊತ್ತಿದ್ದದ್ದು ಬೋಟು. ಇನ್ನೂರಕ್ಕೂ ಹೆಚ್ಚು ಬೋಟುಗಳಿಗೆ ಜಿಪಿಎಸ್, ಫಿಶ್ ಫೈಂಡರ್ ಜೋಡಿಸಿದ ಕೈ ಅವಳದು. ‘ಡಕೋಟಾದಲ್ಲೂ ಇಪ್ಪತ್ನಾಲ್ಕು ವೋಲ್ಟು, ದೊಡ್ಡ ಬೋಟಿನಲ್ಲೂ ಇಪ್ಪತ್ನಾಲ್ಕು ವೋಲ್ಟು, ಉಪ್ಪುಗಾಳಿಯಲ್ಲಿ ವೈರ್ ಉಳಿಸುವುದು ಇವಳಿಗೆ ಬರುತ್ತದೆ, ಮತ್ತೇನು ಬೇಕು’ ಎಂದಿದ್ದರು ಅಶೋಕ್. ಮೀನು ಹುಡುಕುವ ಟಿವಿ ಹಾಕುವವಳಿಗೆ ವಿಮಾನ ಕೊಟ್ಟರಂತೆ ಎಂದು ಬಂದರಿನಲ್ಲಿ ಒಂದು ವಾರ ಅದೇ ಮಾತು.

ಈಗ ಆ ಕುಹಕ ನಿಜವಾಗುವ ಹೊತ್ತು ಬಂದಿತ್ತು. ಸೋಮವಾರ ಬೆಂಗಳೂರಿನಿಂದ ಅಧಿಕಾರಿಗಳು ಪರೀಕ್ಷೆಗೆ ಬರುತ್ತಾರೆ. ಇವತ್ತು ಶನಿವಾರ. ದಿಕ್ಸೂಚಿ ಸರಿಯಾಗದಿದ್ದರೆ ಹೊರದೇಶದವರನ್ನು ಕರೆಸಿ ಎಲ್ಲ ವೈರ್ ಕಿತ್ತು ಹೊಸದಾಗಿ ಮಾಡಿಸುತ್ತೇನೆ ಎಂದು ಉಲ್ಲಾಸ್ ಫೋನಿನಲ್ಲಿ ಹೇಳಿಯಾಗಿತ್ತು. ಆರು ತಿಂಗಳ ದುಡಿಮೆ. ಎಲ್ಲ ಮಣ್ಣುಪಾಲು.

ಅಶೋಕ್ ಕೆಳಗಿನಿಂದ ಕೂಗಿದರು. “ಎಲ್ಲ ಸ್ವಿಚ್ ಆಫ್ ಮಾಡ್ ಕಾಂಬ!”

ಆಫ್ ಮಾಡಿದಳು. ಸ್ಕ್ರೀನ್ ಕಪ್ಪಾಯಿತು. ದಿಕ್ಸೂಚಿ ಅದೇ ಹದಿನಾಲ್ಕು.

ಸೌಮ್ಯಶ್ರೀಗೆ ಒಮ್ಮೆಲೇ ಖುಷಿಯಾಯಿತು. ವೈರಿನಲ್ಲಿ ಹರಿಯುವ ಕರೆಂಟೂ ಮುಳ್ಳನ್ನು ಎಳೆಯುತ್ತದೆ. ಕರೆಂಟೇ ಇಲ್ಲದಾಗಲೂ ತಪ್ಪು ಅಷ್ಟೇ ಇದೆ ಎಂದರೆ ತಪ್ಪು ವೈರಿನದಲ್ಲ! ಹಾಗಾದರೆ ಯಾವುದರದು? ಹೋದ ವಾರ ಸರಿ ಇದ್ದ ಮುಳ್ಳನ್ನು ಈ ವಾರ ಎಳೆಯುತ್ತಿರುವುದು ಏನು? ಬೆನ್ನು ಹತ್ತಿದರೆ ಬಿಡುವ ಜಾಯಮಾನ ಅವಳದಲ್ಲ. ಕಿಸೆಯಲ್ಲಿದ್ದ ಪುಟ್ಟ ದಿಕ್ಸೂಚಿಯನ್ನು ಅಂಗೈಯಲ್ಲಿಟ್ಟುಕೊಂಡು ಸೀಟಿನ ಕೆಳಗೆ, ಪೆಡಲಿನ ಹತ್ತಿರ, ಪ್ಯಾನೆಲ್ಲಿನ ಉದ್ದಕ್ಕೂ ನಿಧಾನ ಸರಿಸುತ್ತ ಹೋದಳು. ಎಲ್ಲೂ ಏನೂ ಇಲ್ಲ. ಮೇಲೆ, ದೊಡ್ಡ ದಿಕ್ಸೂಚಿಯನ್ನು ತೂಗುಹಾಕಿದ ಹಿಡಿಯ ಬಳಿ ಒಯ್ದದ್ದೇ ತಡ, ಪುಟ್ಟ ಮುಳ್ಳು ಅದರ ಒಂದೊಂದು ಸ್ಕ್ರೂವಿನ ಕಡೆಗೂ ಗಿರ್ರನೆ ತಿರುಗಿತು.

ಆ ಹಿಡಿಗೆ ನಾಲ್ಕು ಸ್ಕ್ರೂ. ಅವಳು ಹಾಕಿದ್ದು ಹಿತ್ತಾಳೆಯದು, ಯಾಕೆಂದರೆ ಹಿತ್ತಾಳೆ ಮುಳ್ಳನ್ನು ಎಳೆಯುವುದಿಲ್ಲ. ಇಲ್ಲಿದ್ದವು ಫಳಫಳ ಹೊಳೆಯುವ ಉಕ್ಕಿನವು. ಸಾಲದ್ದಕ್ಕೆ ಪ್ರತಿಯೊಂದರ ತಲೆಯಡಿ ನೀಲಿ ಬಲೆನೂಲಿನ ಒಂದು ಸುತ್ತು.

ಇಂಜಿನ್ನಿನ ನಡುಕಕ್ಕೆ ಸಡಿಲಾಗದಿರಲಿ ಎಂದು ಸ್ಕ್ರೂಗೆ ಬಲೆನೂಲು ಸುತ್ತುವುದು ಬೋಟಿನವರ ಪದ್ಧತಿ. ಅದರಲ್ಲೂ ಇಷ್ಟು ಅಚ್ಚುಕಟ್ಟಾಗಿ ಒಂದೇ ಸುತ್ತು ಸುತ್ತುವವರು ಅವಳಿಗೆ ಗೊತ್ತಿದ್ದ ಹಾಗೆ ಒಬ್ಬರೇ. ಅವಳ ಅಪ್ಪಯ್ಯ ಚಂದಯ್ಯ.

ಮೂವತ್ತೆಂಟು ವರ್ಷ ಬೋಟಿನ ಚುಕ್ಕಾಣಿ ಹಿಡಿದ ತಾಂಡೇಲ. ಈಗ ದಿನಾ ಉಪ್ಪುಂದದಿಂದ ಮಗಳಿಗೆ ಊಟ ತರುವುದೇ ಅವರ ದೊಡ್ಡ ಕೆಲಸ. ಗುರುವಾರ ತಾನೂ ಅಶೋಕರೂ ಸಾಮಾನು ತರಲು ಕುಂದಾಪುರಕ್ಕೆ ಹೋದಾಗ ಅಪ್ಪಯ್ಯ ಇಲ್ಲಿ ಒಬ್ಬರೇ ಇದ್ದದ್ದು ಅವಳಿಗೆ ನೆನಪಾಯಿತು. ಅವರ ಸ್ಕ್ರೂಡ್ರೈವರಿನ ತುದಿಯಲ್ಲಿ ಅಯಸ್ಕಾಂತ. ಸ್ಕ್ರೂ ಜಾರಿ ಸಮುದ್ರಕ್ಕೆ ಬೀಳಬಾರದಲ್ಲ! ಆ ಅಯಸ್ಕಾಂತ ಉಕ್ಕಿಗೂ ತನ್ನ ಗುಣ ಅಂಟಿಸಿಬಿಟ್ಟಿತ್ತು.

ಸದ್ದಿಲ್ಲದೆ ಬದಲಿಸಿಬಿಡಲೇ? ಎರಡು ನಿಮಿಷದ ಕೆಲಸ. ಆದರೆ ಅಶೋಕ್ ಬೆಳಿಗ್ಗೆಯೇ ಎಚ್ಚರಿಸಿದ್ದರು, ಕಾರಣ ತಿಳಿಯದೆ ತನ್ನಷ್ಟಕ್ಕೆ ಸರಿಯಾದ ವಿಮಾನಕ್ಕೆ ನಾನು ಸಹಿ ಹಾಕುವವನಲ್ಲ ಎಂದು. ಹೇಳಿದರೆ ಅಪ್ಪಯ್ಯನ ಹೆಸರು ಬರುತ್ತದೆ. ಚಂದಯ್ಯ ಮುಟ್ಟಿದ ಬೋಟು ಕೆಟ್ಟು ವಾಪಸು ಬಂದದ್ದಿಲ್ಲ ಎಂಬ ಒಂದು ಮಾತನ್ನೇ ಆಸ್ತಿಯೆಂದು ಬದುಕಿದ ಮನುಷ್ಯ. ಅವಳು ಸ್ಕ್ರೂಡ್ರೈವರ್ ಎತ್ತಿಕೊಂಡವಳು ಮತ್ತೆ ಕೆಳಗಿಟ್ಟಳು.

ಅಷ್ಟರಲ್ಲಿ ಅಶೋಕ್ ಏಣಿ ಹತ್ತಿ ಒಳಬಂದರು. “ಸಿಕ್ತಾ?”

“ಸ್ಕ್ರೂ, ಸರ್. ಉಕ್ಕಿಂದ್.”

“ಯಾರ್ ಹಾಕಿದ್ದ್?”

ಸೌಮ್ಯಶ್ರೀ ತಲೆ ಎತ್ತಲಿಲ್ಲ. “ನಾನೇ.”

“ಅವ್ಳಲ್ಲ!” ಬಾಗಿಲಲ್ಲಿ ಊಟದ ಚೀಲ ಹಿಡಿದು ಚಂದಯ್ಯ ನಿಂತಿದ್ದರು. “ಅಶೋಕಣ್ಣ, ಹಾಕಿದ್ದ್ ನಾನ್. ಹಿತ್ತಾಳೆ ಕಿಲುಬ್ ಹಿಡ್ದ್ ಹಸ್ರಾಯಿತ್ತ್ ಮರಾಯ್ರೆ. ಬೋಟಗೆ ಹಾಂಗ್ ಕಂಡ್ರೆ ನಾವ್ ಬಿಡ್ತಿಲ್ಲೆ. ಹೆಣ್ಣಿಗೆ ಒಂಚೂರ್ ಉಪಕಾರ ಆತ್ತ್ ಅಂದ್ಕಂಡೆ.” ಅಂಗಿಯ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದರು. ಒಳಗೆ ಹಳೆಯ ನಾಲ್ಕು ಸ್ಕ್ರೂ, ಒರೆಸಿ ಜೋಪಾನವಾಗಿಟ್ಟದ್ದು.

ಅಶೋಕ್ ಬೈಯಲಿಲ್ಲ. ವಿಮಾನದ ದಾಖಲೆ ಪುಸ್ತಕವನ್ನು ಸೌಮ್ಯಶ್ರೀಯ ಮುಂದಿಟ್ಟರು. “ನಡ್ದದ್ದ್ ಎಲ್ಲ ಬರಿ. ಹೆಸ್ರ್ ಹಾಕ್.”

ಅವಳು ಬರೆದಳು. ಉಕ್ಕಿನ ಸ್ಕ್ರೂ ಹಾಕಿದವರು: ಚಂದಯ್ಯ. ಅಪ್ಪಯ್ಯನ ಮುಖ ಬಾಡಿದ್ದನ್ನು ನೋಡಲಾಗದೆ ಬೇಗ ಎದ್ದು ಹಿತ್ತಾಳೆಯ ಸ್ಕ್ರೂ ಕೂರಿಸಿದಳು.

ಮತ್ತೆ ಪರೀಕ್ಷೆ. ಟ್ರ್ಯಾಕ್ಟರ್ ವಿಮಾನವನ್ನು ಮೂವತ್ತು ಡಿಗ್ರಿಗೊಂದರಂತೆ ಹನ್ನೆರಡು ದಿಕ್ಕಿಗೂ ತಿರುಗಿಸಬೇಕು. ಅಶೋಕ್ ಹೊರಗೆ ನಿಂತು ಅಳೆಯಬೇಕು, ಸೌಮ್ಯಶ್ರೀ ಸ್ಕ್ರೀನ್ ನೋಡಬೇಕು. ಮುಳ್ಳು ಓದುವವರು?

“ಚಂದಯ್ಯ, ನೀವ್ ಕೂಕಣಿ,” ಎಂದರು ಅಶೋಕ್.

“ಕೆಡ್ಸಿದವ್ನೇ ಓದೂದಾ?”

“ಮೂವತ್ತೆಂಟ್ ವರ್ಷ ಎಂತ ಓದಿದ್ದ್ ಮತ್ತೆ?”

ಚಂದಯ್ಯ ಚಪ್ಪಲಿ ಬಿಟ್ಟು ಸೀಟಿನಲ್ಲಿ ಕೂತರು. ಬೆನ್ನು ನೆಟ್ಟಗಾಯಿತು. ಉತ್ತರ ಸರಿ ಬಂತು. ಮೂವತ್ತು ಸರಿ, ಅರವತ್ತು ಸರಿ. ಆಮೇಲೆ ಟ್ರ್ಯಾಕ್ಟರ್ ವಿಮಾನವನ್ನು ತೊಂಬತ್ತಕ್ಕೆ, ಹದಿನಾಲ್ಕು ಡಿಗ್ರಿ ತಪ್ಪಿದ್ದ ಅದೇ ಪೂರ್ವಕ್ಕೆ ತಿರುಗಿಸಿತು. ಮುಳ್ಳು ತೂಗಿ ತೂಗಿ ನಿಂತಿತು.

“ತೊಂಬತ್ತ್!” ಸೌಮ್ಯಶ್ರೀ ತಡೆಯಲಾರದೆ ಬಾಗಿ ನೋಡಿ ಕೂಗಿದಳು.

“ಅಲ್ಲ,” ಎಂದರು ಚಂದಯ್ಯ, ಕಣ್ಣು ಕೀಳದೆ. “ತೊಂಬತ್ತೊಂದ್.”

ಹೊರಗಿದ್ದ ಅಶೋಕ್ ಜೋರಾಗಿ ನಕ್ಕರು. ಒಂದು ಡಿಗ್ರಿ ತಪ್ಪಿಗೆ ನಿಯಮದಲ್ಲಿ ಜಾಗವಿದೆ, ಅದು ಚೀಟಿಯಲ್ಲಿ ಬರೆದು ದಿಕ್ಸೂಚಿಯ ಪಕ್ಕ ಅಂಟಿಸುವಂಥದ್ದು. ಹನ್ನೆರಡೂ ದಿಕ್ಕು ಮುಗಿದ ಮೇಲೆ ಅವರು ಸಹಿ ಹಾಕಿದರು. ಅದರ ಕೆಳಗೆ ಸೌಮ್ಯಶ್ರೀ ಬರೆದಳು. ದಿಕ್ಸೂಚಿ ಓದಿದವರು: ಚಂದಯ್ಯ. ಬರೆದವಳ ಪೆನ್ನು ಮೇಲಿದ್ದ ಉಕ್ಕಿನ ಸ್ಕ್ರೂವಿನ ಸಾಲಿನ ಹತ್ತಿರ ತಡೆಯಿತು. ಅದನ್ನೊಂದು ಗೀಟು ಹಾಕಿ ಹೊಡೆದುಹಾಕಿದರೆ ಎಷ್ಟು ಚೆನ್ನ ಎಂದು ಅವಳ ಜೀವ ಹಾತೊರೆಯಿತು.

ಚಂದಯ್ಯ ಅವಳ ಕೈ ಹಿಡಿದರು.

“ಬ್ಯಾಡ ಹೆಣೆ, ಎರಡೂ ಇರ್ಲಿ. ಅದ್ ಇಲ್ದಿರೆ, ನಾನ್ ತೊಂಬತ್ತೊಂದ್ ಅಂದದ್ದ್ ಯಾರ್ ನಂಬ್ತ್ರ್?”