ಮೊದಲೇ ಅಂಟಿಸಿದ ಚೀಟಿ

“ನಮ್ಮಮ್ಮಂಗೆ ಕಾಯಿಲೆ ಇತ್ತು ಅಂತ ನೀವು ಮಾತ್ರೆ ಕೊಟ್ಟಿದ್ದಲ್ಲ. ಮಾತ್ರೆ ಕೊಟ್ಟು ಕಾಯಿಲೆ ತಂದಿದ್ದು,” ಎಂದು ಹೊಲಿಗೆಯಮ್ಮನ ಮಗ ಡಾಕ್ಟರ ಮೇಜಿನ ಮುಂದೆ ನಿಂತು ಹೇಳುತ್ತಿದ್ದ. ಗೋಡೆಯಾಚೆ, ರಕ್ತ ತೆಗೆಯುವ ಪುಟ್ಟ ಕೋಣೆಯಲ್ಲಿ, ಹೂಗೈ ಖಾಲಿ ಟ್ರೇಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದಳು.

ಅವನು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಮೆಲ್ಲಗೆ, ಒಂದೊಂದನ್ನೇ ಎತ್ತಿಡುತ್ತಿದ್ದ. ರಕ್ತದಲ್ಲಿ ಸಕ್ಕರೆ ಹೆಚ್ಚಿದೆ ಎಂದು ಹತ್ತು ದಿನ ಮಾತ್ರೆ ನುಂಗಿಸಿದ್ದು. ನಿನ್ನೆ ಬೆಳಿಗ್ಗೆ ಮಿಷನ್ನಿನ ಮುಂದೆ ಕೂತಿದ್ದಂತೆಯೇ ಅಮ್ಮನಿಗೆ ಕಣ್ಣು ಕತ್ತಲೆ ಬಂದದ್ದು. ಕಾಲು ಪೆಡಲಿನ ಮೇಲೇ ಉಳಿದು, ಸೂಜಿ ತೋರುಬೆರಳಿನ ಉಗುರು ತೂರಿ ಆಚೆ ಬಂದದ್ದು. ಇಲ್ಲಿಗೆ ಎತ್ತಿಕೊಂಡು ಬಂದು ನೋಡಿದರೆ ಸಕ್ಕರೆ ಪಾತಾಳಕ್ಕೆ ಇಳಿದಿತ್ತು.

ಡಾಕ್ಟರು ರಿಪೋರ್ಟ್ ಎತ್ತಿ ಮತ್ತೊಮ್ಮೆ ನೋಡಿದರು. “ತಪ್ಪು ನನ್ನದೇ,” ಅಂದರು. “ಒಂದೇ ರಿಪೋರ್ಟ್ ನಂಬಿ ಮಾತ್ರೆ ಬರೆದೆ. ಇನ್ನೊಂದ್ಸಲ ಟೆಸ್ಟ್ ಮಾಡಿಸ್ಬೇಕಿತ್ತು.”

ಆ ರಿಪೋರ್ಟು ಹೂಗೈಯ ಕೈ ದಾಟಿ ಹೋದದ್ದು.

ಹೂಗೈ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಎಂಟು ವರ್ಷದ ಹಿಂದೆ ಅವಳು ಈ ಕೆಲಸಕ್ಕೆ ಸೇರಿದ ವಾರ ಹೊಲಿಗೆಯಮ್ಮನೇ ಇಟ್ಟದ್ದು. “ನಿಂದೂ ಸೂಜಿ ಕೆಲಸ, ನಂದೂ ಸೂಜಿ ಕೆಲಸ. ನನ್ನ ಬಟ್ಟೆಗೆ ಬಾಯಿಲ್ಲ, ಬಚಾವಾದೆ. ನಿನ್ನದು ಹೂವಿನ ಕೈ ಕಣೇ,” ಅಂದಿದ್ದರು. ತೋಳು ಚಾಚಿದರೆಂದರೆ ಬಿಸಿಲು ಕಾಯಿಸುವ ಬೆಕ್ಕಿನ ಹಾಗೆ ಕಣ್ಣು ಮುಚ್ಚಿಬಿಡುವರು. ಹತ್ತಿಯ ಉಂಡೆ ಒತ್ತಿದ ಮೇಲೇ “ಆಯ್ತಾ?” ಎಂದು ಕಣ್ಣು ತೆರೆಯುವುದು.

ಕೈ ಹೂವಾದರೂ ಅದಕ್ಕೆ ಆತುರವಿತ್ತು. ರಕ್ತ ತೆಗೆದ ಮೇಲೆ ಹೆಸರು ಕೇಳಿ, ಎದುರಿಗೇ ಚೀಟಿ ಬರೆದು ಅಂಟಿಸಬೇಕು ಎಂದು ಗೋಡೆಯ ಮೇಲೆ ಬರೆದು ಹಾಕಿತ್ತು. ಬಾಗಿಲಲ್ಲಿ ಮೂವತ್ತು ಜನ ಹೊಟ್ಟೆ ಹಸಿದು ಕೂತಿರುವಾಗ ಯಾರು ಗೋಡೆ ಓದುತ್ತಾರೆ? ಹೂಗೈ ಸರದಿ ಪಟ್ಟಿ ನೋಡಿ ಖಾಲಿ ನಳಿಕೆಗಳಿಗೆಲ್ಲ ಮೊದಲೇ ಚೀಟಿ ಅಂಟಿಸಿ, ಶಾಲೆಯ ಮಕ್ಕಳ ಹಾಗೆ ಟ್ರೇಯಲ್ಲಿ ಸಾಲಾಗಿ ನಿಲ್ಲಿಸಿಬಿಡುವಳು. ಎಂಟು ವರ್ಷ ಒಂದು ಮುಳ್ಳೂ ಚುಚ್ಚದಿದ್ದರೆ ಅಡ್ಡದಾರಿಯೇ ಹೆದ್ದಾರಿ ಅನ್ನಿಸುತ್ತದೆ.

ಮಗ ಹೋದ ಮೇಲೆ ಅವಳು ಆ ಟೆಸ್ಟಿನ ದಿನದ ಸರದಿ ಪಟ್ಟಿ ತೆಗೆದಳು. ಅಂದು ಆರನೆಯ ಹೆಸರು ಹೊಲಿಗೆಯಮ್ಮನದು, ಏಳನೆಯದು ಬಸ್ಸಿನ ಕಂಡಕ್ಟರ್ ಹುಡುಗಿಯದು. ನೋಡುತ್ತಿದ್ದಂತೆ ಬಾಗಿಲಲ್ಲಿ ಕೇಳಿದ್ದ ಮಾತು ಕಿವಿಗೆ ಬಂತು: “ನೀನು ಹೋಗಮ್ಮ ಮೊದ್ಲು. ನಿನ್ನ ಬಸ್ಸು ಹೊರಟುಹೋಗುತ್ತೆ, ನನ್ನ ಮಿಷನ್ ಎಲ್ಲೂ ಓಡಿಹೋಗಲ್ಲ.” ಮಡಿಸಿದ ಖಾಕಿ ತೋಳು ಮೊದಲು ಮುಂದೆ ಬಂದಿತ್ತು. ಹೂಗೈ ನರ ಹುಡುಕಿದ್ದಳು, ಆರನೆಯ ನಳಿಕೆ ಎತ್ತಿಕೊಂಡಿದ್ದಳು.

ಅಂದರೆ ಸಕ್ಕರೆ ಆ ಹುಡುಗಿಯದು. ‘ಎಲ್ಲ ಸರಿಯಿದೆ’ ಎಂಬ ಕಾಗದ ಮಡಚಿಟ್ಟುಕೊಂಡು ಅವಳು ಇವತ್ತೂ ಬಸ್ಸಿನಲ್ಲಿ ನಿಂತಿರುತ್ತಾಳೆ.

ಹೂಗೈ ಅರ್ಧ ಕೆಲಸ ಮಾಡಿದಳು. ಕಂಡಕ್ಟರಿಗೆ ಫೋನ್ ಮಾಡಿ, ರಕ್ತ ಪರೀಕ್ಷೆಯ ಯಂತ್ರ ಸ್ವಲ್ಪ ಕೈಕೊಟ್ಟಿತ್ತು, ಮತ್ತೊಮ್ಮೆ ಬನ್ನಿ ಅಂದಳು. ಬಾಯಿಲ್ಲದ್ದರ ಮೇಲೆ ಹೊರಿಸುವುದು ಎಷ್ಟು ಸಲೀಸು! ಮಧ್ಯಾಹ್ನ ಬಂದ ಹುಡುಗಿ, ಈಚೆಗೆ ಬಾಟ್ಲಿಗಟ್ಟಲೆ ನೀರು ಕುಡಿಯುತ್ತಿದ್ದೇನೆ, ಬಿಸಿಲಿಗಿರಬೇಕು ಎಂದು ನಕ್ಕಳು. ಸಕ್ಕರೆ ಹೆಚ್ಚೇ ಇತ್ತು. ಡಾಕ್ಟರು ಅವಳ ಕ್ಷಮೆಯನ್ನೂ ಕೇಳಿ, ಮದ್ದು ಬರೆದು, ಯಂತ್ರದವನಿಗೆ ಫೋನ್ ಮಾಡಿದರು. ಹೂಗೈ ಗೋಡೆಯ ಈಚೆ ನಿಂತು ಅದನ್ನೂ ಕೇಳಿಸಿಕೊಂಡಳು. ಹುಡುಗಿಗೆ ಮದ್ದು ಸಿಕ್ಕಿತಲ್ಲ, ಇನ್ನೇನು ಎಂದು ಮನಸ್ಸಿಗೆ ಹೇಳಿದಳು. ಮನಸ್ಸು ಮಾತ್ರ ಮುಖ ತಿರುಗಿಸಿಕೊಂಡೇ ಕೂತಿತು.

ಮೂರನೆಯ ದಿನ ಮತ್ತೆ ರಕ್ತ ಪರೀಕ್ಷೆಗೆಂದು ಹೊಲಿಗೆಯಮ್ಮ ಒಬ್ಬರೇ ಬಂದರು. ಬೆರಳಿಗೆ ದಪ್ಪ ಪಟ್ಟಿ. ಮೂರು ವಾರ ಸೂಜಿ ಮುಟ್ಟುವಂತಿಲ್ಲವಂತೆ.

“ಮಗ ಆ ಡಾಕ್ಟರ ಮೆಟ್ಲು ಹತ್ತಬೇಡ ಅಂದ,” ಎನ್ನುತ್ತ ಕುರ್ಚಿಯಲ್ಲಿ ಕೂತರು. “ಯಾರನ್ನೂ ನಂಬದೆ, ನನ್ನ ರಕ್ತ ನಾನೇ ತೆಗೆದು ನಾನೇ ಮೂಸಿ ನೋಡ್ಲೇನೋ ಅಂದೆ. ಡಾಕ್ಟ್ರೂ ಮನುಷ್ಯರೇ, ತಪ್ತಾರೆ. ನಿನ್ನ ಕೈ ಮಾತ್ರ ತಪ್ಪಲ್ಲ ಬಿಡು.” ತೋಳು ಚಾಚಿ ಕಣ್ಣು ಮುಚ್ಚಿದರು.

ಹೂಗೈ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. ನರ ನೀಲಿಯಾಗಿ ಎದ್ದಿತು. ಸೂಜಿ ಎತ್ತಿದವಳು ಕೆಳಗಿಟ್ಟಳು. ಪಟ್ಟಿ ಬಿಚ್ಚಿದಳು.

“ಆಯ್ತಾ?”

“ಇಲ್ಲಮ್ಮ. ಅವತ್ತು ಕಂಡಕ್ಟರಿಗೆ ನಿಮ್ಮ ಸರದಿ ಬಿಟ್ಕೊಟ್ರಲ್ಲ, ನಾನು ಕೈ ನೋಡ್ದೆ, ಮುಖ ನೋಡ್ಲಿಲ್ಲ. ಅವಳ ರಕ್ತ ನಿಮ್ಮ ಹೆಸರಿಗೆ ಹೋಯ್ತು. ಡಾಕ್ಟ್ರ ತಪ್ಪಲ್ಲ ಅದು, ನಂದು.”

ಹೊಲಿಗೆಯಮ್ಮ ಪಟ್ಟಿ ಸುತ್ತಿದ ಬೆರಳನ್ನೇ ನೋಡುತ್ತ ಕೂತರು. ಬೈದಾರು ಎಂದು ಹೂಗೈ ಕಾದಳು.

“ಹಾಗಾದ್ರೆ ನಾನು ಸರದಿ ಬಿಟ್ಕೊಟ್ಟಿದ್ದೇ ತಪ್ಪಾಯ್ತೇನೆ?”

ಕುಹಕವಿರಲಿಲ್ಲ ಆ ಮಾತಿನಲ್ಲಿ, ನಿಜಕ್ಕೂ ಕೇಳುತ್ತಿದ್ದರು. ಹೂಗೈ ಅಲ್ಲವೆಂದು ತಲೆಯಾಡಿಸಿದಳು.

“ಡಾಕ್ಟ್ರಿಗೆ ಗೊತ್ತಾ?”

“ಇಲ್ಲ.”

“ಹೋಗಿ ಹೇಳಿ ಬಾ. ನಾನಿಲ್ಲೇ ಕೂತಿರ್ತೀನಿ.”

ಹತ್ತು ಹೆಜ್ಜೆಯ ದಾರಿ. ಡಾಕ್ಟರು ಎಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂರು ದಿನದಿಂದ ಯಂತ್ರ ಬಿಚ್ಚಿಸುತ್ತಿದ್ದೇನೆ ಅಂದರು, ಅವಳಿಗಲ್ಲ, ಕನ್ನಡಕಕ್ಕೆ ಹೇಳಿದ ಹಾಗೆ. ಆಮೇಲೆ, “ಇವತ್ತು ಟ್ರೇಲಿರೋ ಚೀಟಿ ಎಲ್ಲ ಕಿತ್ತು ಹಾಕು. ಮಿಕ್ಕಿದ್ದು ಸಂಜೆ ಮಾತಾಡೋಣ.”

ಅವಳು ಬಂದು ಒಂದೊಂದೇ ಚೀಟಿ ಕಿತ್ತಳು. ಹೊಲಿಗೆಯಮ್ಮನ ತೋಳು ಹಾಗೇ ಚಾಚಿತ್ತು. ಬರಿಯ ನಳಿಕೆಯೊಂದನ್ನು ತೆಗೆದುಕೊಂಡು ಪಟ್ಟಿ ಬಿಗಿದು ಚುಚ್ಚಿದಳು. ರಕ್ತ ತುಂಬಿದ ಮೇಲೆ ಪೆನ್ನು ಹಿಡಿದಳು.

“ನಿಮ್ಮ ಹೆಸರು ಹೇಳಿ ಅಮ್ಮ.”

ಎಂಟು ವರ್ಷದ ಮೇಲೆ ಕೇಳಿದ ಪ್ರಶ್ನೆ. ಹಾಜರಿ ಕೂಗಿದಾಗ ಮಕ್ಕಳು ಹೇಳುವಂತೆ ಹೊಲಿಗೆಯಮ್ಮ ತಮ್ಮ ಪೂರ್ತಿ ಹೆಸರನ್ನು ಬಿಡಿಸಿ ಹೇಳಿದರು. ಸೂಜಿ ಇಳಿಯುವಾಗಲೂ ಅವರು ಕಣ್ಣು ಮುಚ್ಚಿರಲಿಲ್ಲ. ಈಗಲೂ, ಸೂಜಿಗೆ ದಾರ ಪೋಣಿಸುವಾಗಿನ ಹಾಗೆ ಕತ್ತು ಮುಂದಕ್ಕೆ ಚಾಚಿ, ಚೀಟಿಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿ, ಮಸಿ ಒಣಗುವವರೆಗೂ ನೋಡುತ್ತ ಕೂತರು.