ಟಾರ್ಚಣ್ಣನ ಬಾಯಿವಾಸನೆ

ಸಿನಿಮಾ ಟಾಕೀಸಿನ ಕತ್ತಲೆಯಲ್ಲಿ ಜನರಿಗೆ ಸೀಟು ತೋರಿಸುವ ಟಾರ್ಚಣ್ಣ, ಸಂಜೆಯಾದರೆ ಸಾಕು, ತನ್ನ ಮನೆಯ ಹೊಸ್ತಿಲನ್ನೇ ಎಡವುತ್ತಿದ್ದ, ಬಕೆಟ್ಟು ಒದೆಯುತ್ತಿದ್ದ, ಬಚ್ಚಲ ಬಾಗಿಲೆಂದು ಬೀರುವನ್ನು ತೆರೆಯುತ್ತಿದ್ದ. ಕುಡಿದು ಬಂದಿದ್ದಾನೆ ಎನ್ನಲು ಹೆಂಡತಿಗೆ ಇನ್ನೆಂಥ ಪುರಾವೆ ಬೇಕು? ಲಿವರ್ ಕೆಟ್ಟಿದೆ, ಇನ್ನೊಂದು ಹನಿ ಮುಟ್ಟಿದರೂ ಕಥೆ ಮುಗಿಯಿತು ಎಂದು ಡಾಕ್ಟರು ಹೇಳಿಯಾಗಿತ್ತು. ಕುಡಿದದ್ದು ಗೊತ್ತಾದ ದಿನವೇ ತವರಿಗೆ ಹೊರಟೆ ಎಂದು ಇವಳೂ ಹೇಳಿಯಾಗಿತ್ತು.

ದಿನಾ ಬಾಗಿಲಲ್ಲೇ ನಿಲ್ಲಿಸಿ, ಬಾಯಿ ತೆರೆಸಿ ಮೂಸುತ್ತಿದ್ದಳು. ವಾಸನೆಯೇ ಇಲ್ಲ! ಎಲಾ ಇವನ, ವಾಸನೆ ಬರದ ಹಾಗೆ ಕುಡಿಯುವುದನ್ನೂ ಕಲಿತನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಎಷ್ಟು ಬೈದರೂ ಆ ಮಹಾನುಭಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಕೊನೆಗೆ ಬಟ್ಟೆಬರೆ ಗಂಟು ಕಟ್ಟಿಟ್ಟಳು. ಕಳ್ಳನನ್ನು ಕೆಲಸದ ಜಾಗದಲ್ಲೇ ಹಿಡಿದು ಆಮೇಲೆ ಹೊರಡೋಣವೆಂದು, ತಲೆತುಂಬ ಶಾಲು ಹೊದ್ದು ಮ್ಯಾಟಿನಿ ಆಟಕ್ಕೆ ಟಿಕೆಟ್ ಕೊಂಡಳು.

ಒಳಗೆ ಅವನು ಟಾರ್ಚಿನ ಬೆಳಕನ್ನು ಟಿಕೆಟ್ಟಿನ ಮೇಲೆ ಬಿಟ್ಟ. ಅವಳು ಶಾಲು ಸರಿಸಿ, ಮೊಳದ ದೂರದಿಂದ ಕಣ್ಣು ಕೆಕ್ಕರಿಸಿದಳು. ಹುಷಾರಾಗಿ ಬನ್ನಿ ಅಮ್ಮಾ, ಮೆಟ್ಟಿಲಿದೆ ಎಂದ. ಆಹಾ, ಏನು ನಾಟಕ ಎಂದುಕೊಂಡು ನಾಲಿಗೆ ಚಾಚಿ ಅಣಕಿಸಿದಳು. ಇಷ್ಟು ವರ್ಷ ಸಂಸಾರ ಮಾಡಿದ ಗಂಡ ಅದಕ್ಕೂ ವಿನಯದಿಂದ ತಲೆಬಾಗಿಸಿ, ಸೀಟುಗಳ ಬೆನ್ನನ್ನು ಒಂದೊಂದಾಗಿ ತಡವುತ್ತ ನಡೆದ. ನಡುವೆ ಯಾರದೋ ಬೋಳುತಲೆಯನ್ನೂ ತಡವಿ, ಕ್ಷಮೆ ಕೇಳಿ ಮುಂದೆ ಹೋದ. ಅವಳಿಗೆ ಕಿಸಕ್ಕನೆ ನಗು ಬಂತು. ಮರುಕ್ಷಣವೇ ಹೊಳೆಯಿತು. ಇವನು ಕುಡಿದಿಲ್ಲ, ಇವನಿಗೆ ಕಾಣುತ್ತಿಲ್ಲ.

ಮಾರನೆಯ ದಿನ ಅವನನ್ನು ಆಸ್ಪತ್ರೆಗೆ ಎಳೆದೊಯ್ದಳು. ಇದು ಇರುಳುಗುರುಡು, ಲಿವರ್ ಕೆಟ್ಟಿರುವುದರಿಂದ ತಿಂದದ್ದರಲ್ಲಿರುವ ಎ ವಿಟಮಿನ್ ಮೈಗೆ ಹತ್ತುತ್ತಿಲ್ಲ, ಔಷಧಿ ಮಾಡಿದರೆ ಬಹುಮಟ್ಟಿಗೆ ಸರಿಹೋದೀತು ಎಂದರು ಡಾಕ್ಟರು. ಇಷ್ಟು ದಿನ ಹೆಂಡತಿಗಾದರೂ ಹೇಳಬಾರದಿತ್ತೇ ಎಂದು ಗದರಿದರು.

ಟಾರ್ಚಣ್ಣ ತಲೆ ಕೆರೆದುಕೊಂಡ.

"ಕುಡಿದಿದೀನಿ ಅಂದ್ಕೊಂಡ್ರೆ ಬೈತಾಳೆ, ತವರಿಗೆ ಹೋಗ್ತೀನಿ ಅಂತಾಳೆ. ಕಣ್ಣು ಹೋಗ್ತಿದೆ ಅಂತ ಗೊತ್ತಾದ್ರೆ ಅಳ್ತಾಳೆ ಡಾಕ್ಟ್ರೇ. ಬೈಸ್ಕೊಳ್ಳೋದು ನಂಗೆ ಅಭ್ಯಾಸ ಇದೆ."

ಅವಳು ಅಲ್ಲೇ, ಡಾಕ್ಟರ ಎದುರಿಗೇ, ಎರಡನ್ನೂ ಒಟ್ಟಿಗೇ ಮಾಡಿದಳು.